ಧರೆಪ್ಪನ ಚೀನಾ ಕಷಾಯ

ಸಂಜೆ ನಾಲ್ಕಕ್ಕೆ ಭಜನಾ ಸ್ಪರ್ಧೆ. ಏಕಸಂಬಿಯ ಧರೆಪ್ಪ ಮೇಳದ ಮುಖ್ಯ ಹಾಡುಗಾರ. ಆದರೆ ಎದೆಯಲ್ಲಿ ದಮ್ಮಿನ ರೋಗ. ಹಿಂದಿನ ಸಲ ಅರ್ಧ ಅಭಂಗಕ್ಕೇ ಹಳೆ ಪಂಪ್‌ಸೆಟ್ಟಿನಂತೆ ಗೊರಗೊರ ಎಂದು ನಿಂತುಬಿಟ್ಟಿದ್ದ. ಇವತ್ತೂ ನಿಂತರೆ ಬೇರೆಯವರನ್ನು ನೋಡುತ್ತೇವೆ ಎಂದು ಮೇಳದವರು ಮುಖಕ್ಕೇ ಹೇಳಿದ್ದರು.

ಯಂತ್ರ ನೋಡಲು ಚೀನಾಕ್ಕೆ ಹೋಗಿದ್ದ ಅಳಿಯ ರೂಪೇಶ ಬೆಳಿಗ್ಗೆ ಒಂದು ಪೊಟ್ಟಣ ತಂದ. "ಮಾಮಾ, ಇದರಾಗ ಮಾ ಹುವಾಂಗ್ ಅನ್ನೂ ಕಡ್ಡಿ ಐತಿ. ದಮ್ಮಿಗೆ ಅಲ್ಲಿ ಹಿಂದಿನ ಕಾಲದಿಂದ ಕೊಡ್ತಾರ. ಕುಡದ್ರ ಎದಿ ಡವಡವ ಅಂತೈತಿ, ಡಾಕ್ಟರಿಗೆ ಕೇಳಿ ಕುಡೀರಿ. ಅರ್ಧ ಕಪ್ಪಿನ ಮ್ಯಾಗ ಬ್ಯಾಡ."

ಧರೆಪ್ಪ ಡಾಕ್ಟರಿಗೆ ಕೇಳಲಿಲ್ಲ. ಹೆಂಡತಿ ಅಕ್ಕುತಾಯಿ ಇಡೀ ಪೊಟ್ಟಣವನ್ನೇ ಕುದಿಸಿದಳು. ವಾಸನೆ ಓಣಿ ದಾಟುವಷ್ಟರಲ್ಲಿ ಡಗ್ಗಾ ಬಾರಿಸುವ ಮಾಳೇಶ, ಹಾರ್ಮೋನಿಯಂ ಪೇಟಿಯ ಬಾಳಾಸಾಬ, ತಾಳದ ನಾಲ್ವರು ಪಡಸಾಲೆಯಲ್ಲಿ ಹಾಜರು.

"ಪರದೇಶದ ಔಷಧ. ನಿನಗ ಏನರ ಆದ್ರ ಹಾಡಾವ್ರು ಯಾರು? ಮೊದಲ ನಾ ನೋಡ್ತೀನಿ," ಎಂದು ಮಾಳೇಶ ತುಂಬಿದ ಕಪ್ಪನ್ನೇ ಏರಿಸಿದ.

"ಒಬ್ಬಾಂವ ಕುಡದ್ರ ಏನ್ ಗೊತ್ತಾಕ್ಕೈತಿ?" ಎಂದು ಬಾಳಾಸಾಬ ಇನ್ನೊಂದು ಏರಿಸಿದ. ತಾಳದವರೂ ಗೆಳೆಯನಿಗಾಗಿ ಜೀವ ಪಣಕ್ಕಿಟ್ಟರು.

"ಯಾರಿಗೂ ಏನೂ ಆಗಿಲ್ಲ. ಈಗ ಧೈರ್ಯಲೆ ಕುಡಿ!" ಎಂದು ಮಾಳೇಶ ಹೇಳಿದಾಗ ಪಾತ್ರೆಯ ತಳದಲ್ಲಿ ಕಡ್ಡಿಗಳಷ್ಟೇ ಉಳಿದಿದ್ದವು.

ಸ್ಪರ್ಧೆಯಲ್ಲಿ ಧರೆಪ್ಪ ನಿಧಾನದ ಅಭಂಗವನ್ನೇ ಎತ್ತಿಕೊಂಡ. ಆದರೆ ಮಾಳೇಶನ ಎದೆ ಡವಗುಟ್ಟಿತು, ಕೈ ಎದೆಯ ಬೆನ್ನು ಹತ್ತಿತು. ಡಗ್ಗಾದ ಹಿಂದೆ ಪೇಟಿ, ಪೇಟಿಯ ಹಿಂದೆ ತಾಳ. ರಾಯಬಾಗ ಸ್ಟೇಷನ್ನಿನಲ್ಲಿ ನಿಲ್ಲದ ರೈಲಿನಂತೆ ಭಜನೆ ಧಡಧಡ ಓಡಿತು.

"ಲೇ, ಸಾವಕಾಶ!" ಎಂದ ಧರೆಪ್ಪ.

"ಕೈ ನಿಲ್ಲವಲ್ದೋ!"

ಎರಡನೇ ನುಡಿಗೆ ಧರೆಪ್ಪನ ಉಸಿರು ಖಾಲಿ. ಆಮೇಲೆ ಬರೀ ತುಟಿ ಆಡಿಸಿದ. ಜನ ಮಾತ್ರ ಎದ್ದು ಕುಣಿದರು, ತೀರ್ಪುಗಾರರೂ ಕುಣಿದರು. ಮೊದಲ ಬಹುಮಾನ!

'ಹುದ್ದೆ ಉಳೀತು' ಎಂದು ಧರೆಪ್ಪ ಗೋಡೆಗೆ ಒರಗಿ ಏದುಸಿರು ಬಿಟ್ಟ.

ಮಾಳೇಶ ನಿಂತಲ್ಲಿ ನಿಲ್ಲದೆ ಬಂದ. "ಧರೆಪ್ಪಾ, ಎರಡನೇ ನುಡಿಯಿಂದ ನೀ ಹಾಡೇ ಇಲ್ಲ. ಒಬ್ಬರಿಗೂ ಗೊತ್ತಾಗಲಿಲ್ಲ ನೋಡು! ಅಂದ್ರ ನಮ್ಮ ಮೇಳಕ್ಕ ಹಾಡಾವ್ರ ಜರೂರತ್ತೇ ಇಲ್ಲ."

"ಹಂಗಾರ ನನ್ನ ಬಿಡ್ತೀರೇನು?"

"ಏ, ನಿನ್ನ ಹೆಂಗ ಬಿಡೂದು! ರೂಪೇಶಗ ಹೇಳಿ ಒಂದು ಚೀಲ ತರಸು. ಎಲ್ಲಾರಿಗೂ ಕಷಾಯ ಬೇಕಂದ್ರ ದೊಡ್ಡ ಹಂಡೇನ ಇಡಬೇಕು," ಎಂದು ಮಾಳೇಶ ಅವನ ಬೆನ್ನು ತಟ್ಟಿದ. "ನಾಳಿಂದ ಒಲಿ ಊದೂ ಕೆಲಸ ನಿಂದು."