ಮಾವ ಓದಿ ಕೊಡಿಸಿದ ಕಾರು

ನಮ್ಮ ಸೋದರಮಾವನಿಗೆ ಮನುಷ್ಯರ ಮೇಲೆ ನಂಬಿಕೆಯಿಲ್ಲ ಎಂದು ನೆಂಟರೆಲ್ಲ ಹೇಳುತ್ತಾರೆ. ಶುದ್ಧ ಸುಳ್ಳು. ನಂಬಿಕೆಯಿದೆ, ಮನುಷ್ಯರು ಎರಡು ಜೆರಾಕ್ಸ್ ಪ್ರತಿಗಳ ಸಮೇತ ಬರಬೇಕು, ಅಷ್ಟೆ.

ಸರ್ಕಾರಿ ಕಚೇರಿಯೊಂದರ ದಾಖಲೆ ಕೋಣೆಯಲ್ಲಿ ಇಡೀ ಸರ್ವೀಸು ಕಳೆದು ನಿವೃತ್ತರಾದವರು ಅವರು. ಮಗಳ ಮದುವೆಯ ಲಗ್ನಪತ್ರಿಕೆಗಳಿಗೆ ಕ್ರಮಸಂಖ್ಯೆ ಹಾಕಿ, ತಲುಪಿದ್ದಕ್ಕೆ ಒಬ್ಬೊಬ್ಬರಿಂದಲೂ ಪುಸ್ತಕವೊಂದರಲ್ಲಿ ಸಹಿ ಪಡೆದಿದ್ದರು. ಸಹಿ ಹಾಕಿಯೂ ಊಟಕ್ಕೆ ಬಾರದ ನೆಂಟರೊಬ್ಬರ ಮನೆಗೆ ಮರುವಾರ ಪುಸ್ತಕ ಹಿಡಿದು ಹೋಗಿ, ಗೈರುಹಾಜರಿಗೆ ಕಾರಣ ಬರೆಸಿಕೊಂಡು ಬಂದರು! ಇಂಥವರನ್ನು ಹಳೇ ಕಾರು ಕೊಳ್ಳಲು ಜೊತೆಗೆ ಕರೆದೊಯ್ಯಬಹುದೇ? ನಾನು ಕರೆದೊಯ್ದೆ.

ನನಗೆ ಕಡಕೊಳದ ಕಾರ್ಖಾನೆಯೊಂದರಲ್ಲಿ ಕೆಲಸ. ದಿನಾ ಎರಡು ಬಸ್ಸು ಬದಲಾಯಿಸಿ ಸಾಕಾಗಿತ್ತು. ಕುಂಬಾರಕೊಪ್ಪಲಿನ ನಿವೃತ್ತ ಹೆಡ್ ಮೇಡಂ ಒಬ್ಬರು ತಮ್ಮ ಕಾರು ಮಾರುತ್ತಾರೆಂದು ತಿಳಿದು, ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಹೋದೆವು. ಗೇಟಿನೊಳಗೇ ಕಾರು ನಿಂತಿತ್ತು. ಮಾವ ಅದರ ಪಕ್ಕದಲ್ಲೇ ಹಾದು, ಅದು ತುಳಸಿಕಟ್ಟೆಯೇನೋ ಎಂಬಂತೆ ಒಂದು ಸುತ್ತು ಬಳಸಿ, ಸೀದಾ ಜಗಲಿಗೆ ಹೋಗಿ ಕೂತರು.

"ಮೊದಲು ಆರ್‌ಸಿ ಕೊಡಿ ಮೇಡಂ."

"ಮಾವ, ಕಾರು ಓಡುತ್ತಾ ಅಂತ ನೋಡೋದು ಬೇಡ್ವಾ?" ಎಂದೆ.

"ಓಡ್ಲಿ ಕಣಮ್ಮ. ಯಾರ ಹೆಸರಲ್ಲಿ ಓಡುತ್ತೆ ಅನ್ನೋದು ಮುಖ್ಯ."

ಮೇಡಂ ಎಡಗೈಯಲ್ಲಿ ಫೈಲು ತಂದಿಟ್ಟರು. ಹೋದ ವರ್ಷ ಸ್ಟ್ರೋಕ್ ಆಗಿ ಅವರ ಬಲಗೈ ನಡುಗುತ್ತಿತ್ತು. ಕಾರು ಮಾರುತ್ತಿದ್ದುದೂ ಅದಕ್ಕೇ. ಆರ್‌ಸಿ, ಇನ್ಶೂರೆನ್ಸು, ಹೊಗೆ ತಪಾಸಣೆಯ ಚೀಟಿ, ಪ್ರತಿ ಸಲ ಸರ್ವೀಸ್ ಮಾಡಿಸಿದ ಬಿಲ್ಲು, ಎಲ್ಲವೂ ತಾರೀಖಿನ ಪ್ರಕಾರ ಜೋಡಿಸಿದ್ದವು. ತಪ್ಪೇ ಸಿಗದೆ ಮಾವನ ಮುಖ ಬಾಡಿತು. ಕೊನೆಗೆ ಭೂತಗನ್ನಡಿ ಹಿಡಿದು, ಬಾನೆಟ್ ಎತ್ತಿಸಿ, ಚಾಸಿ ನಂಬರಿನ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದತೊಡಗಿದರು.

ಇದನ್ನು ಕಂಡ ಎದುರುಮನೆಯವರು ಕಾಂಪೌಂಡಿನಾಚೆಯಿಂದ ಕೂಗಿದರು. "ಮೆಕ್ಯಾನಿಕ್ಕಾ ಸಾರ್? ನನ್ ಸ್ಕೂಟರ್ರೂ ಒಸಿ ನೋಡ್ಬುಡಿ, ಸ್ಟಾರ್ಟೇ ಆಯ್ತಿಲ್ಲ."

ಮಾವ ತಲೆ ಎತ್ತಲಿಲ್ಲ. "ಆರ್‌ಸಿ ತನ್ನಿ, ನೋಡೋಣ."

ಬಳಿಕ ಮಾವನ ಬ್ಯಾಗಿನಿಂದ ಅವರೇ ಬರೆದ ನಾಲ್ಕು ಪುಟದ ಕರಾರು ಪತ್ರ ಹೊರಬಂತು. ಮೇಡಂ ಕನ್ನಡಕ ಹಾಕಿಕೊಂಡು ಓದಿದರು. ಎರಡನೇ ಪುಟದಲ್ಲಿ ನಿಂತರು.

"'ಅಧೀನ'ಕ್ಕೆ ಮಹಾಪ್ರಾಣ ಬೇಕು ಕಣ್ರೀ. ನೀವು ಬಿಟ್ಟುಬಿಟ್ಟಿದೀರ."

ನಮ್ಮ ವಂಶದಲ್ಲಿ ಯಾರೂ ಮಾವನ ಕಾಗದದಲ್ಲಿ ತಪ್ಪು ಹುಡುಕಿದವರಿಲ್ಲ. ಅವರು ಕೆಂಪಾದರು, ಹಾಳೆ ತೆಗೆದುಕೊಂಡರು, ತಿದ್ದಿದರು, ತಿದ್ದಿದ್ದಕ್ಕೆ ಪಕ್ಕದಲ್ಲಿ ಸಹಿಯನ್ನೂ ಹಾಕಿದರು.

ಆಮೇಲೆ ಆರ್‌ಟಿಓ ಫಾರಂಗೆ ಮೇಡಂ ಸಹಿ ಹಾಕಬೇಕಿತ್ತು. ಪೆನ್ನು ಹಿಡಿದರು. ಗೆರೆ ಎಲ್ಲೋ ಹೊರಟು ಎಲ್ಲೋ ಹೋಯಿತು. ಫೈಲಿನಲ್ಲಿದ್ದ ಹಳೇ ಸಹಿಯ ಪಕ್ಕ ಅದನ್ನಿಟ್ಟು ಮಾವ ತಲೆಯಾಡಿಸಿದರು. ಇನ್ನೊಂದು ಫಾರಂ ಕೊಟ್ಟರು, ಮತ್ತೊಂದು ಕೊಟ್ಟರು. ಮೂರೂ ಹಾಳಾದವು.

"ಹೆಬ್ಬೆಟ್ಟು ಒತ್ತಿ ಮೇಡಂ. ಡಾಕ್ಟರ್ ಸರ್ಟಿಫಿಕೇಟ್ ಜೊತೆಗಿಟ್ರೆ ಆಗುತ್ತೆ," ಎಂದರು ಮಾವ, ಬಸ್ಸಿನ ನಂಬರು ಹೇಳಿದಷ್ಟು ಸಲೀಸಾಗಿ.

ಮೇಡಂ ಪೆನ್ನು ಕೆಳಗಿಟ್ಟರು.

"ಇದೇ ಜಗಲೀಲಿ ಸಾಯಂಕಾಲ ಪಾಠ ಮಾಡಿ, ಈ ಬೀದಿ ಹೆಂಗಸರಿಗೆಲ್ಲ ಸಹಿ ಮಾಡೋದು ಕಲಿಸ್ದೋಳು ನಾನು. 'ಹೆಬ್ಬೆಟ್ಟು ಅನ್ನಿಸ್ಕೋಬೇಡಿ' ಅಂತ ಬೈದಿದೀನಿ ಅವರಿಗೆ. ಈಗ ನಾನೇ ಒತ್ತಲಾ?" ಫೈಲು ಮುಚ್ಚಿ ತಮ್ಮ ಕಡೆಗೆ ಎಳೆದುಕೊಂಡರು. "ಬೇಡ ಬಿಡಿ. ಕಾರು ಇಲ್ಲೇ ಇರ್ಲಿ. ತುಕ್ಕು ಹಿಡೀಲಿ."

ಮಾವ ಈಗ ಯಾವುದಾದರೂ ನಿಯಮ ಒದರಿ ಇನ್ನಷ್ಟು ಕೆಡಿಸುತ್ತಾರೆಂದು ಹೆದರಿ ಅವರ ಅಂಗಿ ಜಗ್ಗಿದೆ. ಅವರು ಬ್ಯಾಗಿನಿಂದ ಇಂಕ್ ಪ್ಯಾಡ್ ತೆಗೆದರು. ಕರಾರು ಪತ್ರದ ಕೊನೆಯ ಪುಟ ಬಿಡಿಸಿ, ಸಾಕ್ಷಿಯ ಜಾಗದಲ್ಲಿ ತಮ್ಮ ಹೆಬ್ಬೆರಳನ್ನು ನೀಲಿ ಮಾಡಿಕೊಂಡು ಒತ್ತಿದರು.

"ಮಾವ, ನೀವು ಸಹಿ ಹಾಕಬಹುದಲ್ಲ?"

"ಹಾಕ್ಬೌದು," ಎಂದರು ಮಾವ. "ಇವತ್ತು ಇದಿರ್ಲಿ."

ಮೇಡಂ ಆ ಗುರುತನ್ನು ನೋಡಿದರು. ಫೈಲನ್ನು ಮತ್ತೆ ಮುಂದಕ್ಕೆ ತಳ್ಳಿ, ನಡುಗುವ ಕೈ ಚಾಚಿದರು. ಮಾವ ಅದನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡರು. ಕೂಡಲೇ ಒತ್ತಿಸಲಿಲ್ಲ. ನಡುಕ ಸ್ವಲ್ಪ ತಗ್ಗಲಿ ಎಂದು ಹಾಗೇ ಕಾದು ಕೂತರು.