ಇಪ್ಪತ್ನಾಲ್ಕೂವರೆ ಕಿಲೋ ಹರಕೆ

ಹುಡುಗ ಎರಡು ದಿನ ಕೆಮ್ಮಿದ್ದೇ ನೆಪವಾಯಿತು. ವಸಂತದ ಹಬ್ಬದ ದಿನ ಬೆಳಿಗ್ಗೆ, ಬೀದಿಯವರೆಲ್ಲ ಸೇರಿ ಗೊತ್ತು ಮಾಡಿದ ಬಸ್ಸು ಬರಲು ಇನ್ನೂ ಅರ್ಧ ಗಂಟೆ ಇರುವಾಗ, ಮಹಡಿ ಮೇಲಿನ ನಿವೃತ್ತ ಹೆಡ್‌ಮೇಡಂ ಕೆಳಗಿಳಿದು ಬಂದರು. ಕೆಮ್ಮು ಕೇಳಿಸಿಕೊಂಡು, ಕನ್ನಡಕ ಒರೆಸುತ್ತಾ, "ಮಗು ಹೆಸರಲ್ಲಿ ಹರಕೆ ಏನಾದ್ರೂ ಬಾಕಿ ಉಳಿಸಿಕೊಂಡಿದ್ದೀರಾ?" ಎಂದು ಕೇಳಿದರು. ಇಲ್ಲ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂವತ್ತು ವರ್ಷ ಮಕ್ಕಳ ಸುಳ್ಳು ಹಿಡಿದ ಕಣ್ಣು ಅದು. ಅದರ ಮುಂದೆ ಮನೆಯ ಯಜಮಾನನ ನಾಲಿಗೆ ಹೊರಳಲಿಲ್ಲ. "ಒಂದು ಸಣ್ಣದಿದೆ" ಎಂದುಬಿಟ್ಟ.

ಈ ಯಜಮಾನ ಪಾರ್ಸೆಲ್ ಆಫೀಸಿನಲ್ಲಿ ತೂಕ ಹಾಕುವ ಗುಮಾಸ್ತ. ಆಫೀಸಿನವರು ಇಟ್ಟ 'ತಕ್ಕಡಿ' ಎಂಬ ಹೆಸರು ಹೇಗೋ ಬೀದಿಗೂ ಹಬ್ಬಿ, ಈಗ ಹೆಂಡತಿಯ ತವರಿನವರೂ ಅವನನ್ನು ಹಾಗೆಯೇ ಕರೆಯುತ್ತಿದ್ದರು. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಅವನು ಯಾವ ಪೆಟ್ಟಿಗೆಯನ್ನಾದರೂ ಒಮ್ಮೆ ಅಲುಗಿಸಿ ನೂರು ಗ್ರಾಮಿನ ಆಚೀಚೆಗೆ ತೂಕ ಹೇಳಬಲ್ಲವನಾಗಿದ್ದ. ಜೀವನದಲ್ಲಿ ಅವನಿಗೆ ಸರಿಯಾಗಿ ಬರುತ್ತಿದ್ದ ವಿದ್ಯೆ ಅದೊಂದೇ. ಅವನು ಮಣ್ಣು ಮುಕ್ಕಿದ್ದೂ ಅದರಲ್ಲೇ.

ಹರಕೆಯ ಕತೆ ಹೀಗೆ. ಹುಡುಗ ಹತ್ತು ತಿಂಗಳ ಕೂಸಾಗಿದ್ದಾಗ ಜ್ವರ ಎದೆಗಿಳಿದು ಮೂರು ದಿನ ಆಸ್ಪತ್ರೆಯಲ್ಲಿದ್ದ. ಕಾರಿಡಾರಿನ ಬೆಂಚಿನ ಮೇಲೆ ಕೂತ ಅಪ್ಪ ಏನು ಮಾಡಲೂ ತೋಚದೆ ದೇವರಿಗೆ ಹರಕೆ ಹೊತ್ತ. ಅಂಥ ಸಂಕಟದಲ್ಲೂ ತನ್ನ ಬುದ್ಧಿ ಎಷ್ಟು ಚುರುಕಾಗಿ ಓಡಿತ್ತು ಎಂಬುದನ್ನು ನೆನೆದರೆ ಅವನಿಗೆ ಈಗಲೂ ನಾಚಿಕೆಯಾಗುತ್ತದೆ. ಟೀ ಬಿಡುತ್ತೇನೆ ಎನ್ನೋಣವೆಂದರೆ ಅದು ತನ್ನಿಂದ ಆಗದು. ಸಿಗರೇಟು ಬಿಡುತ್ತೇನೆ ಎನ್ನೋಣವೆಂದರೆ ಸೇದುವ ಅಭ್ಯಾಸವೇ ಇಲ್ಲ. ಕೊನೆಗೆ, ಮಗು ಹುಷಾರಾದರೆ ಬರುವ ವಸಂತದ ಹಬ್ಬಕ್ಕೆ ಅದನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಟ್ಟದ ಮೇಲಿನ ಪ್ರಾರ್ಥನಾ ಮಂದಿರಕ್ಕೆ ಹತ್ತಿ ಬರುತ್ತೇನೆ ಎಂದ. ಕೂಸಿನ ತೂಕ ಆಗ ಎಂಟು ಕಿಲೋ ಇನ್ನೂರು ಗ್ರಾಂ. ದಿನಕ್ಕೆ ಇನ್ನೂರು ಪಾರ್ಸೆಲ್ ಎತ್ತಿಳಿಸುವವನಿಗೆ ಅದು ಯಾವ ಮಹಾ ಭಾರ. ಇಷ್ಟಕ್ಕೇ ನಿಲ್ಲಿಸದೆ, ದೇವರಿಗೆ ಇನ್ನೊಂದಿಷ್ಟು ಸಂತೋಷವಾಗಲಿ ಎಂದು, ದಾರಿಯಲ್ಲಿ ಮಗುವಿನ ಕಾಲು ನೆಲಕ್ಕೆ ತಾಗಿಸುವುದಿಲ್ಲ ಎಂದೂ ಯಾರೂ ಕೇಳದೆಯೇ ಸೇರಿಸಿದ. ನಡೆಯಲು ಬಾರದ ಕೂಸಿನ ವಿಷಯದಲ್ಲಿ ಇಂಥ ಮಾತು ಕೊಡುವುದು ಸುಲಭ.

ಮರುದಿನವೇ ಜ್ವರ ಇಳಿಯಿತು. ಹರಕೆ ಮಾತ್ರ ತೀರಲಿಲ್ಲ. ಮೊದಲ ವಸಂತಕ್ಕೆ ಹೆಂಡತಿ ಮತ್ತೆ ಬಸುರಿ, ಎರಡನೆಯದಕ್ಕೆ ಅವಳ ಕೈಯಲ್ಲಿ ಎಳೇ ಕೂಸು, ಮೂರನೆಯದಕ್ಕೆ ಇವನ ಸೊಂಟ ಹಿಡಿದುಕೊಂಡಿತ್ತು. ನಾಲ್ಕು ಮತ್ತು ಐದನೆಯದಕ್ಕೆ ಕಾರಣವೇ ಇರಲಿಲ್ಲ, ಸುಮ್ಮನಿದ್ದ. ಗೋದಾಮಿನಲ್ಲಿ ಎಷ್ಟು ದಿನ ಬಿದ್ದಿದ್ದರೂ ಮಾಲಿನ ತೂಕ ಏರುವುದಿಲ್ಲ ಎಂಬುದು ಅವನ ಅನುಭವ. ಆ ಅನುಭವ ಮಗನ ವಿಷಯದಲ್ಲಿ ಕೈಕೊಟ್ಟಿತು. ಹುಡುಗನಿಗೆ ಈಗ ಆರು ವರ್ಷ. ಕಳೆದ ವಾರ ಆಫೀಸಿನ ಯಂತ್ರದ ಮೇಲೆ ನಿಲ್ಲಿಸಿದಾಗ ಬರಿಗಾಲಲ್ಲಿ ಇಪ್ಪತ್ನಾಲ್ಕೂವರೆ ಕಿಲೋ ತೂಗಿದ್ದ. ಹುಡುಗ ಸ್ವಲ್ಪ ಕೆಮ್ಮಿದರೂ ಅಪ್ಪನ ಎದೆ ಧಸಕ್ಕೆನ್ನುತ್ತಿತ್ತು. ಹಬ್ಬದ ದಿನ ಬಂದರೆ ಮಾತ್ರ ಅವನು ಆ ಭಯವನ್ನು ಮಡಚಿ ಜೇಬಿಗಿಟ್ಟುಕೊಂಡು ಬೆಟ್ಟದ ಬುಡದ ತೋಟದಲ್ಲೇ ಚಾಪೆ ಹಾಸಿಬಿಡುತ್ತಿದ್ದ.

ಇದನ್ನೆಲ್ಲ ಈಗ ಹೆಡ್‌ಮೇಡಂ ಮುಂದೆ ಒಪ್ಪಿಸಿದವನು ಅಲ್ಲಿಯವರೆಗೆ ಹೆಂಡತಿಗೂ ಹೇಳಿರಲಿಲ್ಲ. ಅವಳು ಬುತ್ತಿ ಕಟ್ಟುತ್ತಿದ್ದವಳು ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತಿದ್ದಳು. ಕೂಗಾಡಲಿಲ್ಲ. "ಐದು ವರ್ಷ ನನ್ನ ಮಗುವನ್ನ ಬಾಕಿಯಲ್ಲಿ ಇಟ್ಟಿದ್ರಾ?" ಎಂದಷ್ಟೇ ಕೇಳಿದಳು. ಆಮೇಲೆ ಒಳಗೆ ಹೋಗಿ, ಇವತ್ತು ಅವನನ್ನು ಹೊತ್ತುಕೊಂಡು ಮೇಲೆ ಹೋಗುವುದಾದರೆ ಎಲ್ಲರೂ ಹೋಗೋಣ, ಇಲ್ಲದಿದ್ದರೆ ತಾನು ಈ ಮನೆಯಿಂದ ಕದಲುವುದಿಲ್ಲ, ತನ್ನ ಜೊತೆ ಮಾತೂ ಬೇಡ ಎಂದಳು. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವಳ ದನಿ ಇಷ್ಟು ತಣ್ಣಗಾಗಿದ್ದನ್ನು ತಕ್ಕಡಿ ಕೇಳಿರಲಿಲ್ಲ.

ಬಸ್ಸು ಬೀದಿಯ ತಿರುವು ದಾಟುವ ಮೊದಲೇ ಸುದ್ದಿ ಹಿಂದಿನ ಸೀಟಿನವರೆಗೂ ತಲುಪಿತ್ತು. ಎದುರುಮನೆಯ ಟೈಲರ್ ಅಳತೆಯ ಟೇಪು ತೆಗೆದು ತಕ್ಕಡಿಯ ಭುಜ ಅಳೆದು, ಕೂರಲು ಜಾಗ ಸಾಲದು ಎಂದು ತಲೆಯಾಡಿಸಿದ. ಪಕ್ಕದ ಮನೆಯ ಕಾಂಪೌಂಡರ್ ನಾಡಿ ಹಿಡಿದು ನೋಡಿ, ಹತ್ತುವಾಗ ಬಾಯಿಂದ ಉಸಿರಾಡಬೇಡಿ ಎಂದ. ಎರಡು ನಿಮಿಷ ಬಿಟ್ಟು, ಮೂಗಿನಿಂದಲೂ ಜಾಸ್ತಿ ಬೇಡ ಎಂದ. ಹೆಡ್‌ಮೇಡಂ ತಾವೇ ಮೆಟ್ಟಿಲು ಎಣಿಸುವುದಾಗಿ ಹೇಳಿದರು. ಹರಕೆಯ ಕೆಲಸ, ನಡುವೆ ಯಾರೂ ಮೋಸ ಮಾಡಬಾರದು ಎಂದು ಅವರು ಹೇಳುವಾಗ ಬಸ್ಸಿನವರೆಲ್ಲ ತಕ್ಕಡಿಯನ್ನೇ ನೋಡಿದರು.

ಬೆಟ್ಟಕ್ಕೆ ಮುನ್ನೂರ ಹನ್ನೆರಡು ಮೆಟ್ಟಿಲು. ಬುಡದಲ್ಲಿ ನಿಂತು ತಕ್ಕಡಿ ಮಗನ ಹೊಸ ಬೂಟು ಕಳಚೋಣ ಎಂದ. ಒಂದೊಂದು ಮುನ್ನೂರೈವತ್ತು ಗ್ರಾಂ. ಹಬ್ಬದ ಬೂಟು ಬಿಚ್ಚುವುದಿಲ್ಲ ಎಂದು ಹುಡುಗ ಅತ್ತ. ಅಳುವ ಮಗುವನ್ನು ದೇವರ ಮುಂದೆ ಒಯ್ಯಬಾರದು ಎಂದು ಹೆಡ್‌ಮೇಡಂ ತೀರ್ಪು ಕೊಟ್ಟರು. ಬೂಟು ಕಾಲಲ್ಲೇ ಉಳಿಯಿತು.

ಮೊದಲ ಐವತ್ತು ಮೆಟ್ಟಿಲು ತಕ್ಕಡಿ ನೆಟ್ಟಗೆ ನಡೆದ. ಇಷ್ಟೇನಾ, ಇದಕ್ಕಾ ಐದು ವರ್ಷ ಹೆದರಿ ಸತ್ತದ್ದು ಎನಿಸಿ, ಎದುರು ಇಳಿದು ಬರುತ್ತಿದ್ದವರಿಗೆ ಕೈ ಕೂಡ ಬೀಸಿದ. ಎಪ್ಪತ್ತಕ್ಕೆ ಕೈ ಬೀಸುವುದು ನಿಂತಿತು. ತೊಂಬತ್ತರ ಹೊತ್ತಿಗೆ ಅವನಿಗೆ ಒಂದು ವಿಚಿತ್ರ ಅನುಮಾನ ಹುಟ್ಟಿತು. ಹೆಗಲ ಮೇಲಿನ ತೂಕ ಹೆಚ್ಚುತ್ತಿತ್ತು. ದಣಿವಿನಿಂದ ಹಾಗೆ ಅನಿಸುವುದು ಬೇರೆ, ನಿಜಕ್ಕೂ ಹೆಚ್ಚುವುದು ಬೇರೆ. ಹದಿನೆಂಟು ವರ್ಷ ತೂಕ ಹಾಕಿದವನಿಗೆ ಅದು ತಿಳಿಯದೆ ಇರುತ್ತದೆಯೇ? ಅವನು ನಿಂತು, "ಒಂದೂಕಾಲು ಕಿಲೋ ಜಾಸ್ತಿಯಾಗಿದೆ" ಎಂದ. ಕಾಂಪೌಂಡರ್ ಮತ್ತೆ ನಾಡಿ ಹಿಡಿದ, ಬಿಸಿಲಿಗೆ ತಲೆ ತಿರುಗಿರಬೇಕು ಎಂದ.

ಆಗ ಎಲ್ಲರ ಕಣ್ಣೆದುರೇ ಅವನ ನಾಲ್ಕು ವರ್ಷದ ಮಗಳು ಪುಟ್ಟಿ ಒಂದು ನುಣ್ಣನೆಯ ಕಲ್ಲು ಹೆಕ್ಕಿ ಅಣ್ಣನ ಕಡೆ ಎತ್ತಿದಳು. ಅಣ್ಣ ಬಾಗಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಬುಡದಿಂದಲೂ ಇದೇ ನಡೆದಿತ್ತು. ಎರಡೂ ಜೇಬು, ಅಂಗಿಯ ಒಳಗೆ, ಕೊನೆಗೆ ಬೂಟಿನೊಳಗೂ ಕಲ್ಲು. ಟೈಲರ್ ಅವನ್ನೆಲ್ಲ ತೆಗೆದು ತನ್ನ ಕರವಸ್ತ್ರದಲ್ಲಿ ಕಟ್ಟಿಕೊಂಡ. ಕೈಯಲ್ಲಿ ತೂಗಿ ನೋಡಿದ ತಕ್ಕಡಿಗೆ ತನ್ನ ಅಂದಾಜು ಸರಿಯಾಗಿತ್ತೆಂದು ಒಂದು ಕ್ಷಣ ಸಮಾಧಾನವಾಯಿತು. ಆ ದಿನ ಅವನಿಗೆ ಸಿಕ್ಕ ಸಮಾಧಾನ ಅದಿಷ್ಟೇ.

ನೂರ ನಲವತ್ತನೆಯ ಮೆಟ್ಟಿಲಲ್ಲಿ ಹುಡುಗ ಅಪ್ಪನ ಕಿವಿಗೆ ಬಾಗಿ ಉಚ್ಚೆ ಬಂದಿದೆ ಎಂದ. ಮೆರವಣಿಗೆ ನಿಂತಿತು. ಅಷ್ಟರಲ್ಲಿ ಅಪರಿಚಿತರೂ ನಾಲ್ಕಾರು ಮಂದಿ ಸೇರಿಕೊಂಡಿದ್ದರು. ಒಂದೇ ನಿಮಿಷ ಇಳಿಸಲಾ ಎಂದು ತಕ್ಕಡಿ ಅಂಗಲಾಚಿದ. ಕಾಲು ತಾಗಿಸುವುದಿಲ್ಲ ಅಂತ ಹೇಳಿದವರು ಯಾರು ಎಂದು ಹೆಡ್‌ಮೇಡಂ ಕೇಳಿದರು. ಕೊನೆಗೆ ಅವನು ಮಗನ ಎರಡೂ ಕಂಕುಳಿಗೆ ಕೈಕೊಟ್ಟು ಪೊದೆಯ ಕಡೆಗೆ ಗಾಳಿಯಲ್ಲಿ ಹಿಡಿದು ನಿಂತ. ಇಷ್ಟು ಜನ ನೋಡುತ್ತಿದ್ದರೆ ಬರುವುದಿಲ್ಲ ಎಂದು ಹುಡುಗ ಹೇಳಿದ. ಎಲ್ಲರೂ ಬೆನ್ನು ತಿರುಗಿಸಿ ಕಣಿವೆ ನೋಡುತ್ತಾ ನಿಂತರು. ಕಣಿವೆಯ ಮರಗಳೆಲ್ಲ ಹೂಬಿಟ್ಟಿದ್ದವಂತೆ. ಇಂಥ ನೋಟ ವರ್ಷಕ್ಕೊಮ್ಮೆ ಸಿಗುವುದೇ ಹೆಚ್ಚು ಎಂದು ಟೈಲರ್ ಹೇಳುತ್ತಿದ್ದ. ತಕ್ಕಡಿಗೆ ಕಂಡದ್ದು ಮಗನ ಬೆನ್ನು ಮಾತ್ರ. ನಾಲ್ಕು ನಿಮಿಷ ಕೈ ಚಾಚಿ ಹಿಡಿದ ಮೇಲೆ ಆ ಬೆನ್ನೂ ಎರಡೆರಡಾಗಿ ಕಾಣತೊಡಗಿತು.

ನೂರ ತೊಂಬತ್ತರಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ಮುದುಕರನ್ನು ಬೆನ್ನಿನ ಮೇಲೆ ಹೊತ್ತು ಹತ್ತಿಸುವ ಕೂಲಿಯವನೊಬ್ಬ ಅಲ್ಲಿ ಬಂಡೆಗೊರಗಿ ಕೂತಿದ್ದ. ಮಗ ತನ್ನ ಹೆಗಲ ಮೇಲಿರಬೇಕು ಎಂದಷ್ಟೇ ಹರಕೆ. ತಾನು ಯಾರ ಬೆನ್ನಿನ ಮೇಲೂ ಇರಬಾರದು ಎಂದು ಎಲ್ಲಿ ಹೇಳಿದೆ? ಈ ಪ್ರಶ್ನೆಯನ್ನು ಅವನು ಏದುಸಿರು ಬಿಡುತ್ತಾ ಮಂಡಿಸಿದ. ಹೆಡ್‌ಮೇಡಂ ಬಹಳ ಹೊತ್ತು ಯೋಚಿಸಿದರು, ಟೈಲರ್ ಮತ್ತು ಕಾಂಪೌಂಡರ್ ಜೊತೆ ಪಿಸುಗುಟ್ಟಿದರು. ಕೊನೆಗೆ ಮಾತಿನ ಪ್ರಕಾರ ತಪ್ಪಿಲ್ಲ ಎಂದರು. ಹೆಂಡತಿ ಮುಖ ಆಚೆ ತಿರುಗಿಸಿಕೊಂಡಳು.

ಕೂಲಿಯವನು ಎದ್ದು ತಕ್ಕಡಿಯ ಸುತ್ತ ಒಂದು ಸುತ್ತು ಬಂದ. ಸೊಂಟಕ್ಕೆ ಕೈ ಹಾಕಿ ಒಂದಿಂಚು ಎತ್ತಿ ನೋಡಿ, ಹಾಗೇ ಕೆಳಗಿಟ್ಟ.

"ಇದು ಇಬ್ಬರು ಎತ್ತೋ ಮಾಲು. ನನ್ನ ಜೊತೆಯವನು ಹಬ್ಬ ಅಂತ ರಜಾ ಹಾಕಿದ್ದಾನೆ" ಎಂದು ಹೇಳಿ ಮತ್ತೆ ಬಂಡೆಗೊರಗಿದ.

ತಕ್ಕಡಿ ಲೆಕ್ಕ ಹಾಕಿ ನೋಡಿದ. ತಾನು ಎಪ್ಪತ್ತೆಂಟು, ಮಗ ಇಪ್ಪತ್ನಾಲ್ಕೂವರೆ, ಬೂಟು ಮುಕ್ಕಾಲು ಕಿಲೋಗೆ ಸ್ವಲ್ಪ ಕಡಿಮೆ. ಕ್ವಿಂಟಾಲು ದಾಟಿದ ಮಾಲನ್ನು ಅವನ ಆಫೀಸಿನಲ್ಲೂ ಒಬ್ಬನ ಕೈಯಲ್ಲಿ ಎತ್ತಿಸುವುದಿಲ್ಲ.

ಅಲ್ಲಿಂದ ಮುಂದೆ ಅವನಿಗೆ ಕೇಳಿಸುತ್ತಿದ್ದದ್ದು ಎರಡೇ: ಹೆಡ್‌ಮೇಡಂ ಎಣಿಕೆ ಮತ್ತು ತನ್ನ ಉಸಿರು. ಇನ್ನೂರ ಮೂವತ್ತರ ಹತ್ತಿರ ಮೆಟ್ಟಿಲ ಬದಿಯ ಕಂಬಿ ತಬ್ಬಿಕೊಂಡು ನಿಂತ. ಎದೆ ಸಿಳ್ಳೆ ಹಾಕುತ್ತಿತ್ತು. ಈ ಸಿಳ್ಳೆಯನ್ನು ಎಲ್ಲೋ ಕೇಳಿದ್ದೇನಲ್ಲ ಎಂದುಕೊಂಡ. ಆಸ್ಪತ್ರೆಯಲ್ಲಿ ಕೇಳಿದ್ದು ಅದು, ಹತ್ತು ತಿಂಗಳ ಕೂಸಿನ ಎದೆಯಿಂದ. ಆ ಮೂರು ದಿನ ಅದು ತೋಳಿನ ಮೇಲೆ ಇದ್ದೂ ಇಲ್ಲದಷ್ಟು ಹಗುರವಾಗಿತ್ತು. ಇವತ್ತು ಅದೇ ಕೂಸು ಬೂಟು ಹಾಕಿಕೊಂಡು, ಕತ್ತು ಮುರಿಯುವಷ್ಟು ಭಾರವಾಗಿ ಮೇಲೆ ಕೂತಿದೆ. ಇದಕ್ಕಿಂತ ಹೆಚ್ಚಿಗೆ ಏನು ಕೇಳಿಕೊಂಡಿದ್ದೆ ನಾನು ಎನಿಸಿ ತಕ್ಕಡಿಗೆ ಕಣ್ಣು ತುಂಬಿ ಬಂತು. ಅಷ್ಟು ಹೊತ್ತೂ ಗಲಗಲ ಎನ್ನುತ್ತಿದ್ದ ಹುಡುಗ ಈಗ ಮಾತಿಲ್ಲದೆ ಅಪ್ಪನ ತಲೆಯನ್ನು ತಬ್ಬಿಕೊಂಡಿದ್ದ. ನಿದ್ದೆ ಬಂದಿರಬೇಕು ಎಂದುಕೊಂಡು ಅವನು ಮತ್ತೆ ಕಾಲೆತ್ತಿದ.

ಹೆಂಡತಿ ಹಿಂದಿನಿಂದ ಬಂದು ಅವನ ಬೆನ್ನಿಗೆ ಕೈಕೊಟ್ಟಳು. ತಳ್ಳುವುದು ನಿಯಮಕ್ಕೆ ಒಳಪಟ್ಟಿದೆಯೇ ಎಂದು ಕೇಳಲು ಬಾಯಿ ತೆರೆದ ಟೈಲರ್, ಅವಳು ನೋಡಿದ ನೋಟಕ್ಕೆ ಬಾಯಿ ಮುಚ್ಚಿಕೊಂಡ.

ಮುನ್ನೂರ ಹನ್ನೆರಡು ಎಂದು ಹೆಡ್‌ಮೇಡಂ ಕೂಗಿದಾಗ ಮೇಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹೆಂಡತಿ ಮಗನ ಬೂಟು ಕಳಚಿದ ಮೇಲೆ ತಕ್ಕಡಿ ಮಂದಿರದ ಹೊಸಿಲು ದಾಟಿ ಅವನನ್ನು ಇಳಿಸಿ, ತಾನು ಕಂಬಕ್ಕೊರಗಿ ಕುಸಿದ. ಹೆಂಡತಿ ಅವನ ಹಣೆಯ ಬೆವರೊರೆಸಿ, ನೀರು ಕುಡಿಸಿ, ಬೆಳಗ್ಗಿನಿಂದ ಮೊದಲ ಸಲ ನಕ್ಕಳು. ಹೆಗಲು ಎಷ್ಟು ಹಗುರವಾಗಿತ್ತೆಂದರೆ ಅದು ತನ್ನದೇ ಹೌದೋ ಅಲ್ಲವೋ ಎಂದು ಅವನು ಮುಟ್ಟಿ ನೋಡಿಕೊಂಡ. ಐದು ವರ್ಷದ ಭಯ ಇಳಿದುಹೋಗಿತ್ತು. ಇನ್ನು ಹುಡುಗ ಎಷ್ಟು ಬೇಕಾದರೂ ಕೆಮ್ಮಲಿ ಎಂದು ಧಾರಾಳವಾಗಿ ಯೋಚಿಸಿದ. ಮುಂದಿನ ವರ್ಷದ ಹಬ್ಬಕ್ಕೆ ಯಾವುದಾದರೂ ಸಮತಟ್ಟಾದ ಊರಿಗೆ, ಕೆರೆ ದಂಡೆಗೆ ಹೋಗಬೇಕು ಎಂದೂ ತೀರ್ಮಾನಿಸಿದ.

ಎಲ್ಲರೂ ಪ್ರಾರ್ಥನೆ ಮುಗಿಸಿ ತಿರುಗಿದರೂ ಹುಡುಗ ಮಾತ್ರ ಕೈ ಮುಗಿದು ನಿಂತೇ ಇದ್ದ. ಅಷ್ಟು ಹೊತ್ತು ಏನು ಬೇಡಿಕೊಂಡೆ ಎಂದು ಅಮ್ಮ ತಲೆ ಸವರಿ ಕೇಳಿದಳು.

"ಬೇಡಿಕೊಳ್ಳಲಿಲ್ಲ. ಥ್ಯಾಂಕ್ಸ್ ಹೇಳ್ದೆ" ಎಂದ ಹುಡುಗ. "ಅಪ್ಪ ಕಂಬಿ ಹಿಡ್ಕೊಂಡು ನಿಂತಾಗ ಎದೆಯಿಂದ ಸೌಂಡ್ ಬಂತಲ್ಲ, ಆಗ ಅಪ್ಪ ಸತ್ತೋಗ್ತಾರೆ ಅಂತ ಭಯ ಆಯ್ತು. ಅದಕ್ಕೆ ನಾನೂ ಹರಕೆ ಹೊತ್ಕೊಂಡೆ."

ಹೆಂಡತಿಯ ಕಣ್ಣಲ್ಲಿ ನೀರು ಬಂತು. ಕಂಬದ ಬುಡದಲ್ಲಿದ್ದ ತಕ್ಕಡಿಯೂ ಕರಗಿಹೋದ. ಬಾ ಮಗನೇ ಎಂದು ಕೈ ಚಾಚಿದ.

"ಏನಂತ ಹೊತ್ತುಕೊಂಡೆ, ಮರಿ?" ಎಂದು ಹೆಡ್‌ಮೇಡಂ ಕೇಳಿದರು.

"ಅಪ್ಪಂಗೆ ಏನೂ ಆಗದೆ ಮೇಲೆ ಬಂದ್ರೆ, ಪ್ರತಿ ವರ್ಷ ಹಬ್ಬಕ್ಕೆ ಹೀಗೇ ಅಪ್ಪನ ಹೆಗಲ ಮೇಲೆ ಕೂತ್ಕೊಂಡು ಬರ್ತೀನಿ ಅಂತ."

ಚಾಚಿದ ಕೈ ಅಲ್ಲೇ ನಿಂತಿತು. ಎಷ್ಟು ವರ್ಷ ಎಂದು ಕಾಂಪೌಂಡರ್ ಕೇಳಿದ. ಅಪ್ಪ ಮುದುಕ ಆಗೋವರೆಗೂ ಎಂದ ಹುಡುಗ. ಸಣ್ಣ ಮಕ್ಕಳ ಹರಕೆಗೆ ಅಷ್ಟೇನೂ ಬೆಲೆ ಇಲ್ಲ, ಅಲ್ಲವೇ ಎಂದು ತಕ್ಕಡಿ ಕ್ಷೀಣ ದನಿಯಲ್ಲಿ ಹೆಡ್‌ಮೇಡಂ ಕಡೆ ನೋಡಿದ. ಮಕ್ಕಳ ಹರಕೆಯೇ ಎಲ್ಲಕ್ಕಿಂತ ದೊಡ್ಡದು, ತಪ್ಪಿಸುವ ಹಾಗೇ ಇಲ್ಲ ಎಂದು ಅವರು ಹೇಳಿದರು. ಹೆಂಡತಿಯೂ ಹೌದು ಹೌದು ಎಂದಳು. ಅಲ್ಲಿದ್ದವರೆಲ್ಲ ಹುಡುಗನ ಕೆನ್ನೆ ಹಿಂಡಿ, ಎಂಥ ಮಗನನ್ನು ಪಡೆದಿರಿ ಎಂದು ತಕ್ಕಡಿಯ ನೋಯುತ್ತಿದ್ದ ಹೆಗಲನ್ನು ತಟ್ಟಿದರು.

ತಕ್ಕಡಿ ಕಣ್ಣು ಮುಚ್ಚಿ ಕೂಡತೊಡಗಿದ. ಮುಂದಿನ ವರ್ಷ ಇಪ್ಪತ್ತೇಳು. ಅದರಾಚೆ ಮೂವತ್ತು. ಹನ್ನೆರಡು ತುಂಬುವಾಗ ನಲವತ್ತೈದಕ್ಕೆ ಮೋಸವಿಲ್ಲ. ಲೆಕ್ಕ ಹಾಕುತ್ತಾ ಕಣ್ಣು ತೆರೆದಾಗ ಎದುರಿಗೆ ಪುಟ್ಟಿ ಕಂಡಳು. ಅಣ್ಣನಿಗೆ ಸಿಕ್ಕ ಯಾವುದನ್ನೂ ತನಗೆ ಬೇಡ ಎಂದವಳಲ್ಲ ಅವಳು. ದೇವರ ಮುಂದೆ ನೆಟ್ಟಗೆ ನಿಂತು, ಕೈ ಮುಗಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ತುಟಿ ಅಲ್ಲಾಡಿಸುತ್ತಿದ್ದಳು. ತಕ್ಕಡಿ ಎದ್ದು ಓಡಿದ. ಆ ಕಾಲಿನಲ್ಲಿ ಇನ್ನೂ ಓಟ ಉಳಿದಿದೆ ಎಂದು ಅವನಿಗೇ ಗೊತ್ತಿರಲಿಲ್ಲ.

ಅವನು ಹೋಗಿ ಮುಟ್ಟುವಷ್ಟರಲ್ಲಿ ಪುಟ್ಟಿ ಕಣ್ಣು ಬಿಟ್ಟಾಗಿತ್ತು.