ಅಕ್ಷರಗುಂಡಿನ ನೀರು

ಇತಿಹಾಸದಲ್ಲಿ ಬಿ.ಎ. ಮಾಡಿದವನು ಮೊಳಕಾಲ್ಮೂರಿನಲ್ಲಿ ಗುಮಾಸ್ತನಾಗಬಾರದು. ಗುಮಾಸ್ತನಾದರೂ ಬಿ.ಎ. ಮಾಡಿದ್ದನ್ನು ಯಾರಿಗೂ ಹೇಳಬಾರದು. ನಾನು ಹೇಳಿದ್ದು ಸಾಲದೆಂದು ಬರೆದೂ ಬಿಟ್ಟೆ. ಯಾವುದೋ ಸ್ಮರಣ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಉಳಿದಿವೆ ಎಂದರು. ನಮ್ಮೂರು ಸಿದ್ದಾಪುರವನ್ನು ಬೆಟ್ಟದ ತಪ್ಪಲಿನಲ್ಲಿ, ನದಿಯ ದಡದಲ್ಲಿ, ಚರಿತ್ರೆಯ ಮಡಿಲಿನಲ್ಲಿ ಮಲಗಿರುವ ಪುಟ್ಟ ಊರು ಎಂದು ಬಣ್ಣಿಸಿ ಕೊಟ್ಟೆ. ಊರು ಮಲಗಿತೋ ಇಲ್ಲವೋ, ಅಂದಿನಿಂದ ಭಾನುವಾರ ನಾನು ಮಲಗಿದ್ದಿಲ್ಲ. ಕಚೇರಿಗೆ ಯಾರ ನೆಂಟರು ಬಂದರೂ ಅವರನ್ನು ಬ್ರಹ್ಮಗಿರಿ ಹತ್ತಿಸಿ, ಅಶೋಕನ ಶಾಸನ ತೋರಿಸಿ, ಇಳಿಸಿಕೊಂಡು ಬರುವುದು ನನ್ನ ಪಾಲಿಗೆ ಬಂತು. ಬಂದವರೆಲ್ಲ ಜೀಪಿನಿಂದ ಇಳಿದ ಕೂಡಲೇ ನದಿ ಎಲ್ಲಿ ಎಂದು ಕೇಳುತ್ತಾರೆ. ನಾನು ಮರಳು ತೋರಿಸುತ್ತೇನೆ. ಹಗರಿಯನ್ನು ನಮ್ಮೂರಿನಲ್ಲಿ ಯಾರೂ ನದಿ ಎನ್ನುವುದಿಲ್ಲ, ಹಳ್ಳ ಎನ್ನುತ್ತಾರೆ. ನದಿ ಎಂದದ್ದು ನಾನೊಬ್ಬನೇ, ಅದೂ ಪುಟ ತುಂಬಿಸಲು.

ಬಿ.ಎ. ಬಗ್ಗೆ ನನಗೆ ಜಂಬ ಇರುವುದು ನಿಜ. ನಮ್ಮದು ಕುರಿ ಕಾಯುವ ಮನೆ. ನಮ್ಮ ಹಟ್ಟಿಯಲ್ಲಿ ಪದವಿ ಮುಗಿಸಿದವನು ನಾನೇ ಮೊದಲು. ಚಳ್ಳಕೆರೆಯ ಎಣ್ಣೆಮಿಲ್ಲಿನಲ್ಲಿ ಸಂಜೆ ಶೇಂಗಾ ಚೀಲ ಹೊಲಿದು ಓದಿದವನು. ಪ್ರಾಚೀನ ಭಾರತದ ನನ್ನ ನೋಟ್ಸಿನ ಮೇಲೆ ಇವತ್ತಿಗೂ ಎಣ್ಣೆಯ ಕಲೆ ಇದೆ. ಯಾರ ಉಪಕಾರವೂ ಇಲ್ಲದೆ ಪಾಸಾದೆ ಎಂಬುದೊಂದೇ ನನ್ನ ಬದುಕಿನ ಆಸ್ತಿ. ಆಮೇಲೆ ಬಡ್ತಿಗಾಗಿ ಬರೆಯಬೇಕಾದ ಇಲಾಖಾ ಪರೀಕ್ಷೆಯಲ್ಲಿ ಮೂರು ಸಲ ಫೇಲಾದೆ. ಅದು ಬೇರೆ ವಿಷಯ, ಅದನ್ನು ಅವ್ವನಿಗೆ ಹೇಳಿರಲಿಲ್ಲ.

ಹೀಗಿರುವಾಗ ಹೊಸದಾಗಿ ಬಂದ ಸಾಹೇಬರು ಒಂದು ಭಾನುವಾರ ಹೆಂಡತಿಯೊಂದಿಗೆ ಹೊರಟರು. ನನ್ನ ಲೇಖನ ಓದಿದ್ದ ಮೇಡಂ ನದೀಸ್ನಾನಕ್ಕೆಂದು ಮೂರು ಟವಲು, ಸೋಪಿನ ಡಬ್ಬಿ, ಬದಲಿ ಸೀರೆ ತಂದಿದ್ದರು. ಮರಳು ನೋಡಿ ಟವಲುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿಕೊಂಡರು. ಅದರ ಬದಲು ಎರಡು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮಜ್ಜಿಗೆ ಕುಡಿಸಿ ಮಾನ ಉಳಿಸಿಕೊಳ್ಳೋಣವೆಂದು ಮನೆಗೆ ಕರೆದೊಯ್ದೆ. ಅವ್ವ ಮಜ್ಜಿಗೆ ಕೊಟ್ಟಳು, ಕೋಲು ಹಿಡಿದಳು, ನಾನೂ ಬರ್ತೀನಿ ಎಂದಳು. ಬೇಡವೆನ್ನುವಷ್ಟರಲ್ಲಿ ನಮಗಿಂತ ಮುಂದೆ ಹತ್ತುತ್ತಿದ್ದಳು.

ಶಾಸನದ ಬಂಡೆಗೆ ಈಗ ಸುತ್ತ ಗೋಡೆ, ಕಬ್ಬಿಣದ ಬಾಗಿಲು, ಒಬ್ಬ ಕಾವಲುಗಾರ. ಪಕ್ಕದಲ್ಲಿ ‘ಶಾಸನದ ಮೇಲೆ ನೀರು ಹಾಕಬಾರದು’ ಎಂಬ ಬೋರ್ಡು. ಅಕ್ಷರ ಚೆನ್ನಾಗಿದೆ ಎಂದು ಅದನ್ನು ನನ್ನಿಂದಲೇ ಬರೆಸಿದ್ದರು. ನಾನು ಎಂದಿನಂತೆ ಶುರುಮಾಡಿದೆ: ಬ್ರಾಹ್ಮೀ ಲಿಪಿ, ತಂದೆತಾಯಿಯ ಮಾತು ಕೇಳಬೇಕೆಂಬ ಚಕ್ರವರ್ತಿಯ ಅಪ್ಪಣೆ. ಮೇಡಂ ಆಕಳಿಸಿದರು. ಆಮೇಲೆ ಬೋರ್ಡು ನೋಡಿ, ಕಲ್ಲಿಗೆ ನೀರು ಯಾಕೆ ಹಾಕ್ತಾರೆ ಎಂದು ಕೇಳಿದರು.

ಅವ್ವ ಮುಂದೆ ಬಂದಳು. "ಔಷಧಿಗೆ ಕಣವ್ವಾ. ಇದು ಅಕ್ಷರಗುಂಡು. ಇದ್ರ ಮ್ಯಾಲೆ ನೀರು ಹುಯ್ದು, ಕೆಳಗ್ ಇಳಿದಿದ್ದು ಹಿಡ್ಕಂಡು, ಕಾಯಿಲೆ ದನಕ್ಕೆ ಕುರಿಗೆ ಕುಡಿಸ್ತಿದ್ವಿ."

ವಿಷಯ ಅಲ್ಲಿಗೇ ನಿಲ್ಲಬಹುದಿತ್ತು. ವಾಸಿಯಾಗುತ್ತಿತ್ತೇ ಎಂದು ಸಾಹೇಬರು ಕೇಳಿದರು.

"ಯೋಳಕ್ಕಾಗಲ್ಲ ಸ್ವಾಮಿ. ಇವ್ನು ಮೂರ್ನೇ ಕ್ಲಾಸ್ನಾಗೆ ಇದ್ದಾಗ ಒಂದಕ್ಷರಾನೂ ತಲಿಗೆ ಹತ್ತುತಿರ್ಲಿಲ್ಲ. ಆಗ್ಲೇ ನಮ್ದೊಂದು ಕುರಿ ಹೊಟ್ಟೆ ಉಬ್ಬರ್ಸಿ ಬಿದ್ದಿತ್ತು. ಒಂದು ಚೊಂಬು ಹಿಡ್ಕಂಡು ಬಂದು ಅರ್ಧ ಕುರಿಗೆ ಕುಡ್ಸಿದೆ, ಉಳಿದಿದ್ದು ಇವ್ನಿಗೆ ಕುಡ್ಸಿದೆ. ಕುರಿ ಸತ್ತೋತು. ಇವ್ನು ಬಿ.ಎ. ಆದ."

ಸಾಹೇಬರು ಬಂಡೆ ಹಿಡಿದುಕೊಂಡು ನಕ್ಕರು. ಬಂಡೆ ಮುಟ್ಟಬೇಡಿ ಸಾರ್ ಎಂದು ನಾನು ಹೇಳಬೇಕಿತ್ತು. ಚೀಲ ಹೊಲಿದ ಮೂರು ವರ್ಷವನ್ನು ಅವ್ವ ಅರ್ಧ ಚೊಂಬು ನೀರಿನಲ್ಲಿ ತೊಳೆದು ಬಿಟ್ಟಿದ್ದಳು, ಅದೂ ಕುರಿಯ ಎಂಜಲು. ನಾನೇ ಕಷ್ಟಪಟ್ಟು ಓದಿದ್ದು ಕಣವ್ವ ಎಂದೆ. "ಓದ್ದೆ ಬಿಡು, ಇಲ್ಲ ಅಂದ್ನಾ" ಎಂದಳು, ಹಠಮಾಡುವ ಮಗುವಿಗೆ ಹೇಳುವ ಹಾಗೆ. ಅಷ್ಟರಲ್ಲಿ ಸಾಹೇಬರು ಕಣ್ಣೊರೆಸಿಕೊಂಡು ನನ್ನ ಇಲಾಖಾ ಪರೀಕ್ಷೆಯ ಕಥೆಯನ್ನೂ ಅವಳಿಗೆ ಹೇಳಿ ಮುಗಿಸಿದರು. ಅವ್ವ ನಗಲಿಲ್ಲ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಅರ್ಧ ಚೊಂಬಿನ ಕಸುವು ಇಷ್ಟು ದಿನ ಬಂದಿದ್ದೇ ಹೆಚ್ಚು ಕಣೋ" ಎಂದಳು.

ಮುಂದಿನ ಭಾನುವಾರ ನನ್ನನ್ನು ಯಾರೂ ಕರೆದಿರಲಿಲ್ಲ. ಮಲಗಬಹುದಿತ್ತು. ಆದರೆ ಹದಿನೈದು ದಿನದಲ್ಲಿ ಮತ್ತೆ ಪರೀಕ್ಷೆ, ಪುಸ್ತಕ ತೆರೆದರೆ ಅಕ್ಷರಗಳು ಹಗರಿಯ ಮರಳಿನ ಹಾಗೆ ಕಾಣುತ್ತಿದ್ದವು. ಒಂದು ಬಾಟಲಿ ನೀರು, ಒಂದು ಲೋಟ ಚೀಲಕ್ಕೆ ಹಾಕಿಕೊಂಡು ಸಿದ್ದಾಪುರದ ಬಸ್ಸು ಹತ್ತಿದೆ. ಗಾಳಿಗೆ ಬಂದೆ ಎಂದು ಕಾವಲುಗಾರನಿಗೆ ಹೇಳಿದೆ. ಅವನು ಚೀಲದ ಲೋಟ ನೋಡಿದ, ಬೋರ್ಡು ನೋಡಿದ, ನನ್ನ ಮುಖ ನೋಡಿದ.

"ಪರೀಕ್ಷೆ ಯಾವಾಗೈತೆ ಸಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಾಗಿಲು ತೆಗೆದು ಬೀಡಿ ಸೇದಲು ಆಚೆ ಹೋದ.

ಅಕ್ಷರಗಳ ಮೇಲೆ ನೀರು ಹಾಕಲಿಲ್ಲ. ಬಿ.ಎ. ಅಷ್ಟರಮಟ್ಟಿಗೆ ನನ್ನನ್ನು ಕಾಪಾಡಿತು. ಬಂಡೆಯ ಅಕ್ಷರವಿಲ್ಲದ ಅಂಚಿನ ಮೇಲೆ ಸುರಿದು, ಕೆಳಗೆ ಲೋಟ ಹಿಡಿದೆ. ಮುಕ್ಕಾಲು ಲೋಟ ಬಂತು, ಸ್ವಲ್ಪ ಮಣ್ಣಿನೊಂದಿಗೆ. ಕುಡಿಯುವ ಮುಂಚೆ ಬೆಟ್ಟದ ಕೆಳಗೆ ನಾಲ್ಕೂ ಕಡೆ ನೋಡಿದೆ. ಯಾರಾದರೂ ಕಂಡಾರೆಂಬ ನಾಚಿಕೆಯಿಂದಲ್ಲ. ಹತ್ತಿರದಲ್ಲಿ ಒಂದು ಕುರಿ ಇದ್ದರೆ ಅರ್ಧ ಅದಕ್ಕೆ ಕುಡಿಸೋಣ, ವಿಧಾನ ತಪ್ಪುವುದು ಬೇಡ ಅನ್ನಿಸಿತ್ತು.